ಒಗೆಯಬಾರದ ಬಟ್ಟೆ

ಬಟ್ಟೆಗೆ ಸೋಪಿನದಲ್ಲದೆ ಬೇರಾವ ವಾಸನೆಯೂ ಇರಕೂಡದು ಎಂಬುದು ಗಂಜಿಯಮ್ಮನ ಸಿದ್ಧಾಂತ. ಕಲೆ ಹೋದ ಮಾತ್ರಕ್ಕೆ ಬಟ್ಟೆ ಶುಭ್ರವಾಯಿತೆಂದು ನಂಬುವವರನ್ನು ಕಂಡರೆ ಆಕೆಗೆ ಮೈಯೆಲ್ಲ ಉರಿ. ಕಲೆ ಬಡಪಾಯಿ, ಎದುರಿಗೆ ನಿಂತು ಹೊಡೆಸಿಕೊಳ್ಳುತ್ತದೆ. ವಾಸನೆಯಾದರೋ ನೂಲಿನ ಸಂದುಗೊಂದುಗಳಲ್ಲಿ ಅಡಗಿ ಕುಳಿತು, ಬಟ್ಟೆಯ ಒಡೆಯ ಎಲ್ಲಿ ಅಲೆದ, ಏನು ತಿಂದ, ಯಾರ ಹೆಗಲ ಮೇಲೆ ತಲೆಯಿಟ್ಟು ಅತ್ತ ಎಂದೆಲ್ಲ ಚಾಡಿ ಹೇಳುತ್ತದೆ. ಆದ್ದರಿಂದ ಇಸ್ತ್ರಿಯ ಮೇಜಿಗೆ ಬಂದ ಪ್ರತಿಯೊಂದು ಬಟ್ಟೆಯನ್ನೂ ಆಕೆ ಮೊದಲು ಮೂಗಿಗೆ ಹಿಡಿಯುತ್ತಿದ್ದಳು. ಸಂಶಯ ಬಂತೋ, ಅದು ಮಂತ್ರಿಯ ಕೋಟಾಗಲಿ ಮೇಸ್ತ್ರಿಯ ಅಂಗಿಯಾಗಲಿ, ಮರಳಿ ಕುದಿನೀರಿಗೆ.

ಆ ಬೀದಿಯಲ್ಲಿ ಆಕೆಗೆ ಗಂಜಿಯಮ್ಮನೆಂಬ ಹೆಸರು ಬಿದ್ದದ್ದು ಕಾಲರುಗಳಿಗೆ ಹಾಕುವ ಗಂಜಿಯಿಂದ ಮಾತ್ರವಲ್ಲ, ಮಡಿಸಿದರೆ ಮುರಿದೀತೆಂಬಂಥ ಆಕೆಯ ಮಾತಿನಿಂದಲೂ ಹೌದು. ಮೊದಲು ಬೆನ್ನ ಹಿಂದೆ ಕರೆದರು, ಆಮೇಲೆ ಎದುರಿಗೇ ಕರೆದರು, ಆಕೆಯೂ ಓಗೊಟ್ಟಳು.

ಇಸ್ತ್ರಿಪೆಟ್ಟಿಗೆ ಕಾಯುವಷ್ಟು ಹೊತ್ತು ಆಕೆ ದೇವರೊಂದಿಗೆ ಮಾತನಾಡುತ್ತಿದ್ದಳು. ಕಣ್ಣು ಮುಚ್ಚುವ, ಕೈ ಜೋಡಿಸುವ ಶಿಷ್ಟಾಚಾರವೇನಿಲ್ಲ. ಪಕ್ಕದ ಕೋಣೆಯಲ್ಲಿ ಕುಳಿತ ಹಿರಿಯರಿಗೆ ಮನೆಯ ಸುದ್ದಿ ಹೇಳುವಂತೆ ಹೇಳುವಳು. ಪಕ್ಕದ ಕೋಣೆಯಲ್ಲಿ ನಿಜಕ್ಕೂ ಕುಳಿತಿರುತ್ತಿದ್ದವನು ಆಕೆಯ ಗಂಡ, ಬಂದ ಬಟ್ಟೆಗಳಿಗೆ ಚೀಟಿ ಕಟ್ಟುತ್ತ.

"ನಿನ್ನ ದೇವರು ನಮ್ಮ ಕೆಲವು ಗಿರಾಕಿಗಳ ಥರ ಕಣೇ," ಎಂದು ಅವನು ಅಲ್ಲಿಂದಲೇ ಕೆಣಕುತ್ತಿದ್ದ. "ಗಂಟು ಇಲ್ಲಿ ಎಸೆದು ಹೋದೋರು, ಮತ್ತೆ ಈ ಕಡೆ ತಲೆ ಹಾಕಲ್ಲ."

"ಗಂಟು ಬಿಟ್ಟು ಹೋದೋರು ಬಂದೇ ಬರ್ತಾರೆ. ನೀವು ಸುಮ್ನೆ ಚೀಟಿ ಕಟ್ಟಿ."

ಇಂಥ ಮನೆಗೆ ಸೊಸೆಯಾಗಿ ಬಂದವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸದವಳು. ಅತ್ತೆಗೂ ಅವಳಿಗೂ ಜಗಳವಿರಲಿಲ್ಲ, ವಾದವಿತ್ತು. ಮತ್ತು ಆ ವಾದ ಇಬ್ಬರಿಗೂ ಊಟದ ನಂತರದ ಹಣ್ಣಿನಷ್ಟೇ ಇಷ್ಟವಾಗಿತ್ತು.

"ಅತ್ತೆ, ದಿನಾ ಇಷ್ಟು ಮಾತಾಡ್ತೀರಲ್ಲ, ಆ ಕಡೆಯಿಂದ ಒಂದ್ಸಲನಾದ್ರೂ 'ಹೂಂ' ಅಂದಿದ್ದಾರಾ?"

"ಅದೇನು ಫೋನೇನೇ?"

"ಫೋನಾಗಿದ್ರೆ ರಿಂಗಾದ್ರೂ ಆಗೋದು." ಬಸುರಿ ಸೊಸೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ನಮ್ಮಂಗಡೀಲಿ ಬೋರ್ಡಿನ ಮುಂದೆ ಕೂರಿಸಿ ನಾನು ಒಂದೇ ಮಾತು ಹೇಳೋದು. ಕಂಡಿದ್ದನ್ನ ಓದಿ, ಊಹೆ ಮಾಡಿ ಓದ್ಬೇಡಿ. ಊಹೆ ಮಾಡಿದ್ರೆ ತಪ್ಪು ಕನ್ನಡಕ ಸಿಗುತ್ತೆ. ಇದ್ರೆ ಒಂದು ಸಲ ಮುಖ ತೋರಿಸೋಕೆ ಅವರಿಗೇನು ಕಷ್ಟ?"

"ಕೇಳಿ ಹೇಳ್ತೀನಿ," ಎಂದು ಗಂಜಿಯಮ್ಮ ಗಂಭೀರವಾಗಿ ನುಡಿಯುತ್ತಿದ್ದಳು. ಮಾತು ಅಲ್ಲಿಗೆ ನಗೆಯಲ್ಲಿ ಮುಗಿಯುತ್ತಿತ್ತು.

ಆ ನಗು ನಿಂತದ್ದು ಮಗು ದಿನ ತುಂಬುವುದಕ್ಕೆ ಬಹಳ ಮೊದಲೇ ಹುಟ್ಟಿದಾಗ. ಹೆರಿಗೆಯಲ್ಲಿ ರಕ್ತ ನಿಲ್ಲದೆ ಸೊಸೆಯನ್ನು ಶಸ್ತ್ರಚಿಕಿತ್ಸೆಗೆ ಒಯ್ದರು. ಅವಳು ಉಳಿದಳು, ಆದರೆ ಹಾಸಿಗೆಯಿಂದ ಏಳಕೂಡದು, ಗಾಲಿಕುರ್ಚಿಯ ಮಾತೂ ಸದ್ಯಕ್ಕೆ ಬೇಡ ಎಂದು ವೈದ್ಯೆ ಕಟ್ಟಪ್ಪಣೆ ಮಾಡಿದರು. ಮಗು ಹೊಸ ಕಟ್ಟಡದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಅಂಗೈಗಿಂತ ತುಸು ದೊಡ್ಡದಾದ ಒಂದು ಹೆಣ್ಣು ಜೀವ. ತಾಯಿ ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ. ನಡುವೆ ಕಲ್ಲುಹಾಸಿನ ಅಂಗಳ. ಪ್ರಜ್ಞೆಯಿಲ್ಲದೆ ಹೆತ್ತಿದ್ದ ಅವಳು ತನ್ನ ಮಗುವನ್ನು ಇನ್ನೂ ಒಮ್ಮೆಯೂ ಕಂಡಿರಲಿಲ್ಲ.

ಮಗುವಿನ ವಾರ್ಡಿನ ನರ್ಸು ಗಂಜಿಯಮ್ಮನ ಮಗನ ಕೈಗೆ ಮೆತ್ತನೆಯ ಎರಡು ಬಟ್ಟೆಯ ತುಂಡುಗಳನ್ನು ಕೊಟ್ಟಿದ್ದಳು: ಒಂದು ತಾಯಿಯ ಎದೆಯ ಮೇಲಿರಬೇಕು, ಇನ್ನೊಂದು ಮಗುವಿನ ತಲೆಯಡಿಯಲ್ಲಿ, ದಿನಕ್ಕೊಮ್ಮೆ ಅದಲುಬದಲಾಗಬೇಕು. ಏಕೆಂಬುದನ್ನೂ ಹೇಳಿರಬೇಕು, ಆದರೆ ಹೆಂಡತಿಯ ರಕ್ತಕ್ಕಾಗಿ ಓಡುತ್ತಿದ್ದವನ ಕಿವಿಯಲ್ಲಿ ಎಲ್ಲವೂ ನಿಲ್ಲಲಿಲ್ಲ. "ಅಮ್ಮನ ಬಟ್ಟೆ ಮಗುಗಂತೆ, ಮಗು ಬಟ್ಟೆ ಅಮ್ಮನಿಗಂತೆ, ದಿನಾ ಬದಲಾಯಿಸ್ಬೇಕಂತೆ," ಎಂದಷ್ಟೇ ಹೇಳಿ ಅವನು ಆ ಕೆಲಸವನ್ನು ತಾಯಿಗೆ ಒಪ್ಪಿಸಿದ.

ಬಟ್ಟೆಯ ಕೆಲಸವನ್ನು ಆ ಊರಿನಲ್ಲಿ ಇನ್ನಾರಿಗೆ ಒಪ್ಪಿಸಬೇಕು? ವಾರ್ಡಿನ ಬಾಗಿಲಿನಿಂದ ಬಚ್ಚಲಿನ ತನಕ ಗೋಡೆಗಳೆಲ್ಲ 'ಕೈ ತೊಳೆಯಿರಿ, ಶುಚಿಯಾಗಿರಿ' ಎಂದು ಕೂಗುತ್ತಿದ್ದವು. ಸೊಸೆಯ ಎದೆಯಿಂದ ತೆಗೆದ ತುಂಡಿನಲ್ಲಿ ಬೆವರು, ಹಾಲಿನ ಕಲೆ. ಮಗುವಿನ ತಲೆಯಡಿಯಿಂದ ಬಂದದ್ದರಲ್ಲಿ ಜೊಲ್ಲು, ಮುಲಾಮಿನ ಜಿಡ್ಡು. ಬದುಕಿನಲ್ಲಿ ಒಮ್ಮೆಯೂ ಒಗೆಯದ ಬಟ್ಟೆಯನ್ನು ಒಬ್ಬರಿಂದ ಪಡೆದು ಇನ್ನೊಬ್ಬರಿಗೆ ಕೊಟ್ಟವಳಲ್ಲ ಗಂಜಿಯಮ್ಮ. ದಿನವೂ ಎರಡನ್ನೂ ಮನೆಗೆ ತಂದಳು, ಕುದಿಸಿದಳು, ಉಜ್ಜಿದಳು, ಮೂರು ನೀರಿನಲ್ಲಿ ಜಾಲಿಸಿದಳು. ಮೂಗಿಗೆ ಹಿಡಿದು, ತೃಪ್ತಿಯಾದ ಮೇಲೆ ಇಸ್ತ್ರಿ ಮಾಡಿ, ಅಂಚಿಗೆ ಅಂಚು ಕೂಡಿಸಿ ಮಡಿಸಿ, ಬಿಳಿ ಕಾಗದದಲ್ಲಿ ಸುತ್ತಿ ತಲುಪಿಸಿದಳು. ಮೊಮ್ಮಗಳಿಗಾಗಿ ತನ್ನಿಂದಾಗುವುದು ಇಷ್ಟಾದರೂ ಇದೆಯಲ್ಲ ಎಂದು ಇಸ್ತ್ರಿಪೆಟ್ಟಿಗೆಯ ಹಬೆಯಲ್ಲಿ ಕಣ್ಣೊರೆಸಿಕೊಂಡಳು.

ಸೊಸೆ ಕಾಗದ ಬಿಡಿಸುವಳು, ತುಂಡನ್ನು ಮುಖಕ್ಕೆ ಒತ್ತಿಕೊಳ್ಳುವಳು, ಬಹಳ ಹೊತ್ತು ಹಾಗೇ ಇರುವಳು. ಆಮೇಲೆ ಏನೂ ಹೇಳದೆ, ಒಲ್ಲದ ಮನಸ್ಸಿನಿಂದ ಎದೆಯ ಮೇಲೆ ಹಾಸಿಕೊಳ್ಳುವಳು. ಒಂದು ಮಧ್ಯಾಹ್ನ ಹೇಳಿಯೇಬಿಟ್ಟಳು.

"ಅತ್ತೆ, ಮಗು ಇಲ್ಲ ಅಲ್ವಾ?"

ಗಂಜಿಯಮ್ಮನ ಕೈಯಲ್ಲಿದ್ದ ಲೋಟ ಅಲ್ಲಿಯೇ ನಿಂತಿತು. "ಏನೇ ಅದು ಬಾಯಿಗೆ ಬಂದ ಮಾತು?"

"ಇದ್ರಲ್ಲಿ ಯಾರೂ ಮಲಗಿಲ್ಲ. ಇದು ಬರೀ ಅಂಗಡಿ ಬಟ್ಟೆ. ನಾನು ತಡ್ಕೊಳ್ಳಲ್ಲ ಅಂತ ಎಲ್ಲರೂ ಸೇರಿ ನಾಟಕ ಆಡ್ತಿದ್ದೀರಿ."

ಗಾಜಿನಾಚೆಯಿಂದ ಮಗ ತೆಗೆದು ತಂದಿದ್ದ ಫೋಟೋವನ್ನು ಗಂಜಿಯಮ್ಮ ಮತ್ತೆ ಮುಂದೆ ಹಿಡಿದಳು. ಅದರಲ್ಲಿ ಟೊಪ್ಪಿಗೆಯಿತ್ತು, ನಳಿಕೆಯಿತ್ತು, ಕೆನ್ನೆಗೆ ಅಂಟುಪಟ್ಟಿಯಿತ್ತು, ಗಾಜಿನ ಮೇಲೆ ದೀಪದ ಬೆಳಕು ಹೊಳೆಯುತ್ತಿತ್ತು. "ಇದು ಯಾರ ಮಗು ಬೇಕಾದ್ರೂ ಆಗಿರ್ಬಹುದು," ಎಂದಳು ಸೊಸೆ. ಅವಳ ದನಿಯಲ್ಲಿ ಕೋಪವಿರಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು. "ನಮ್ಮಪ್ಪ ಹೋದಾಗ ನಂಗೆ ಪರೀಕ್ಷೆ ನಡೀತಿತ್ತು. ಅಪ್ಪ ಆರಾಮಾಗಿದ್ದಾರೆ, ಮುಗಿಸ್ಕೊಂಡು ಬಾ ಅಂತ ಎಲ್ಲರೂ ನಗ್ತಾ ನಗ್ತಾ ಹೇಳಿದ್ರು. ಮನೆಗೆ ಬಂದೆ, ಬಾಗಿಲ ಹತ್ರ ಅಪ್ಪನ ಚಪ್ಪಲಿ ಇರ್ಲಿಲ್ಲ. ಪ್ರೀತಿ ಇರೋರು ಎಷ್ಟು ಚೆನ್ನಾಗಿ ಸುಳ್ಳು ಹೇಳ್ತಾರೆ ಅಂತ ನಂಗೆ ಗೊತ್ತು ಅತ್ತೆ."

ಅಂದಿನಿಂದ ಅವಳು ಹಾಲು ಹಿಂಡಿ ಕೊಡುವುದನ್ನು ನಿಲ್ಲಿಸಿದಳು. ಅವಳ ಹಾಲೇ ನಳಿಕೆಯ ಮೂಲಕ ತೊಟ್ಟುತೊಟ್ಟಾಗಿ ಮಗುವಿನ ಹೊಟ್ಟೆ ಸೇರುತ್ತಿತ್ತು. ಅಷ್ಟು ಎಳೆಯ ಕರುಳಿಗೆ ಅದಕ್ಕಿಂತ ಒಳ್ಳೆಯದಿಲ್ಲವೆಂದು ವೈದ್ಯೆ ಎಚ್ಚರಿಸಿದ್ದರು. ಗಂಡ ಕಾಲು ಹಿಡಿದ. ವೈದ್ಯೆ ಗದರಿದರು. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. "ಯಾರಿಗೆ ಒಯ್ತೀರಿ ಅದನ್ನ? ಚರಂಡಿಗಾ?"

ಮರುದಿನ ಬೆಳಿಗ್ಗೆ ಇಸ್ತ್ರಿಪೆಟ್ಟಿಗೆ ಕಾಯುತ್ತಿತ್ತು. ಗಂಜಿಯಮ್ಮ ಬಾಯಿ ತೆರೆದಳು, ಮಾತು ಹುಟ್ಟಲಿಲ್ಲ. ಸೊಸೆಯ ಪ್ರಶ್ನೆ ಹೊಸದೇನೂ ಆಗಿರಲಿಲ್ಲ. ತಾನೇ ಎಷ್ಟೋ ವರ್ಷಗಳಿಂದ ನಾಲಿಗೆಯ ತುದಿಗೆ ಬಂದಾಗಲೆಲ್ಲ ನುಂಗಿದ ಪ್ರಶ್ನೆ ಅದು. ದೇವರೇ, ನೀನು ಇದ್ದೀಯೆಂದು ಎಲ್ಲರೂ ಹೇಳುತ್ತಾರೆ. ಹೇಳುವವರೆಲ್ಲ ನನ್ನ ಮೇಲೆ ಪ್ರೀತಿಯಿರುವವರೇ. ಪ್ರೀತಿಯಿರುವವರು ಸುಳ್ಳು ಹೇಳಬಲ್ಲರೆಂದು ಆ ಹುಡುಗಿ ಹೇಳಿದ್ದು ನಿಜವಾದರೆ?

"ಏನೇ, ಇವತ್ತು ಲೈನ್ ಸಿಗ್ತಿಲ್ವಾ?" ಎಂದು ಪಕ್ಕದ ಕೋಣೆಯಿಂದ ಗಂಡನ ದನಿ ಬಂತು. ಉತ್ತರ ಬಾರದಿರಲು ಅವನು ಎದ್ದು ಬಂದು ಬಾಗಿಲಲ್ಲಿ ನಿಂತ. ಚೀಟಿ ಕಟ್ಟುವ ದಾರ ಬೆರಳಿಗೆ ಸುತ್ತಿಕೊಂಡೇ ಇತ್ತು.

"ಇಷ್ಟು ವರ್ಷ ನಾನು ಮಾತಾಡಿದ್ದು ಗೋಡೆ ಜೊತೆಗೇನ್ರೀ?"

ದೇವರ ವಿಷಯದಲ್ಲಿ ಒಂದು ಅವಕಾಶವನ್ನೂ ಬಿಡದ ಮನುಷ್ಯ ಅವನು. ಆದರೆ ಹೌದೆನ್ನಲು ಬಾಯಿ ಬರಲಿಲ್ಲ. ದಾರವನ್ನು ಬಿಚ್ಚಿದ, ಮತ್ತೆ ಸುತ್ತಿದ. "ಗೋಡೆ ಆಚೆ ನಾನು ಕೂತಿದ್ನಲ್ಲೇ," ಎಂದ ಕೊನೆಗೆ. "ಒಂದು ದಿನವೂ ಬಿಡದೆ ಕೇಳಿಸ್ಕೊಂಡಿದೀನಿ. ನೀನು ನಿಲ್ಲಿಸಿದ್ರೆ ನನ್ನ ಕೆಲಸ ಸಾಗಲ್ಲ."

ಗಂಜಿಯಮ್ಮ ಮೂಗೆಳೆದುಕೊಂಡು ಪೆಟ್ಟಿಗೆಯನ್ನು ಕೈಗೆತ್ತಿಕೊಂಡಳು. ಸೊಸೆ ನಂಬಲಿ ಬಿಡಲಿ, ಮಗುವಿನ ತುಂಡನ್ನು ತಲುಪಿಸಬೇಕಲ್ಲ.

ಅಂದು ವಾರ್ಡಿನ ಬಾಗಿಲು ತೆರೆದವಳು ರಜೆ ಮುಗಿಸಿ ಮರಳಿದ್ದ ದೊಡ್ಡ ನರ್ಸು, ಮೊದಲ ದಿನ ತುಂಡುಗಳನ್ನು ಕೊಟ್ಟವಳು. ಭಾರವಾದ ಮೈ, ನಿದ್ದೆಗೆಟ್ಟ ಕಣ್ಣು, ಆದರೂ ತುಟಿಯಂಚಿನಲ್ಲಿ ಸದಾ ಒಂದು ನಗು. ಕಾಗದದ ಪೊಟ್ಟಣ ಬಿಚ್ಚಿದ ಆಕೆ ಮಡಿಕೆಯನ್ನು ನೋಡಿದಳು, ಅಜ್ಜಿಯನ್ನು ನೋಡಿದಳು.

"ಅಜ್ಜೀ, ಇದಕ್ಕೆ ಇಸ್ತ್ರಿ ಮಾಡಿದ್ದೀರಾ?"

"ಹೂಂನಮ್ಮ. ಯಾಕೆ, ಅಂಚು ಸರಿ ಕೂತಿಲ್ವಾ?"

ನರ್ಸು ತುಂಡನ್ನು ಮೂಗಿಗೆ ಹಿಡಿದಳು. ತುಟಿಯಂಚಿನ ನಗು ಆರಿತು. "ಒಗೆದಿದ್ದೀರಿ. ದಿನಾ ಒಗೀತಿದ್ರಾ?"

"ಮತ್ತೆ ಹಾಗೇ ಕೊಡೋದೇ? ಹಾಲು, ಬೆವರು…"

"ಅಯ್ಯೋ ಅಜ್ಜೀ, ಆ ಹಾಲು, ಆ ಬೆವರೇ ಬೇಕಾಗಿದ್ದು. ಕೂಸಿಗಿನ್ನೂ ನೋಟ ನಿಲ್ಲಲ್ಲ. ಅಮ್ಮನ್ನ ಅದು ಗುರುತು ಹಿಡಿಯೋದು ಮೂಗಲ್ಲಿ. ಇದು ಬಟ್ಟೆ ಅಲ್ಲ, ಇದು ಅವಳಮ್ಮ. ಇಲ್ಲಿಂದ ಅಮ್ಮನ ಹತ್ರ ಹೋಗೋದು ಮಗು. ನೀವು ದಿನಾ ಇಬ್ಬರನ್ನೂ ನೀರಲ್ಲಿ ಬಿಟ್ಟಿದ್ದೀರಿ." ಅಷ್ಟು ಹೇಳಿದವಳಿಗೆ ಮುದುಕಿಯ ಮುಖ ಕಂಡು ಮರುಕ ಹುಟ್ಟಿತು. "ಬನ್ನಿ, ನಿಮಗೆ ತೋರಿಸ್ತೀನಿ."

ಮೇಲಂಗಿ ತೊಡಿಸಿ, ಕೈ ತೊಳೆಸಿ ಅವಳು ಗಂಜಿಯಮ್ಮನನ್ನು ಗಾಜಿನ ಪೆಟ್ಟಿಗೆಯ ಬಳಿಗೆ ಕರೆದೊಯ್ದಳು. ಮಗು ಮಗ್ಗುಲಾಗಿ ಮಲಗಿತ್ತು. ಕಣ್ಣು ಮುಚ್ಚಿತ್ತು, ಆದರೆ ಹುರುಳಿಕಾಳಿನಷ್ಟು ಮೂಗು ತುಂಡಿನ ಮೇಲೆ ಅತ್ತ ಹೊರಳುತ್ತಿತ್ತು, ಇತ್ತ ಹೊರಳುತ್ತಿತ್ತು, ಒಂದೆಡೆ ನಿಂತು ಮತ್ತೆ ಹೊರಳುತ್ತಿತ್ತು. "ಹುಡುಕ್ತಾ ಇದೆ," ಎಂದಳು ನರ್ಸು. "ಹುಡುಕಿ ಹುಡುಕಿ ಸುಸ್ತಾಗಿ ಮಲಗುತ್ತೆ, ಎದ್ದು ಮತ್ತೆ ಹುಡುಕುತ್ತೆ."

ಗಂಜಿಯಮ್ಮ ಗೋಡೆಗೆ ಒರಗಿದಳು. ಅಲ್ಲೊಬ್ಬಳು ತನ್ನ ಮೈಯ ಬಿಸಿಯನ್ನೆಲ್ಲ ದಿನವೂ ಒಂದು ಗೇಣು ಬಟ್ಟೆಗೆ ಸುರಿದು ಕಳುಹಿಸಿದ್ದಳು. ಇಲ್ಲೊಬ್ಬಳು ದಿನವೂ ಅದರಲ್ಲಿ ಮೂಗಿಟ್ಟು ಅರಸಿದ್ದಳು. ಇಬ್ಬರೂ ಇದ್ದರು. ಯಾರೂ ಯಾರಿಂದಲೂ ಮುಖ ಮರೆಸಿಕೊಂಡಿರಲಿಲ್ಲ. ನಡುವೆ ಸೋಪು ಹಿಡಿದು ನಿಂತವಳು ತಾನು, ಅದೂ ಕೈತುಂಬ ಪ್ರೀತಿಯಿಂದ. ತನಗೂ ಯಾರೋ ಏನನ್ನೋ ಕಳುಹಿಸುತ್ತಲೇ ಇದ್ದಿರಬಹುದೇ, ಅದನ್ನೂ ತಾನು ಕಲೆಯೆಂದು ಬಗೆದು ಉಜ್ಜಿ ತೆಗೆದಿರಬಹುದೇ ಎಂಬ ಯೋಚನೆಯೂ ಸುಳಿಯಿತು. ಆದರೆ ಅದನ್ನು ಕುಳಿತು ಯೋಚಿಸಲು ಅದು ಹೊತ್ತಲ್ಲ. ನರ್ಸು ಮಗುವಿನ ತಲೆಯಡಿಯ ತುಂಡನ್ನು ನಯವಾಗಿ ಎಳೆದು ತೆಗೆಯುತ್ತಿದ್ದಳು.

"ಒಂದು ಮುಚ್ಚಳದ ಡಬ್ಬಿ ಕೊಡ್ತೀಯೇನಮ್ಮಾ? ಗಾಳಿಗೆ ಹೋಗ್ಬಾರ್ದು."

ಸ್ಟೀಲಿನ ಡಬ್ಬಿಯನ್ನು ಎದೆಗವಚಿಕೊಂಡು ಗಂಜಿಯಮ್ಮ ಅಂಗಳ ದಾಟಿದಳು. ಜಿಡ್ಡು ಮೆತ್ತಿದ, ಮುದುಡಿದ, ಒಗೆಯದ ಬಟ್ಟೆಯನ್ನು ತಲುಪಿಸಲು ಹೊರಟದ್ದು ಆಕೆಯ ವೃತ್ತಿಜೀವನದಲ್ಲಿ ಅದೇ ಮೊದಲು. ಲಿಫ್ಟಿನಲ್ಲಿ ಯಾರೋ "ಊಟಾನಾ ಅಜ್ಜಿ?" ಎಂದು ವಿಚಾರಿಸಿದರು. "ಹೂಂ, ಬಿಸಿ ಆರ್ಬಾರ್ದು, ಸ್ವಲ್ಪ ದಾರಿ ಬಿಡಪ್ಪ," ಎಂದಳು.

ಸೊಸೆ ಗೋಡೆಯ ಕಡೆಗೇ ತಿರುಗಿದ್ದಳು.

"ತಪ್ಪು ನಂದು ಕಣೇ," ಎಂದು ಗಂಜಿಯಮ್ಮ ಹಾಸಿಗೆಯ ಅಂಚಿನಲ್ಲಿ ಕುಳಿತಳು. ಮುರಿಯದೆ ಬಾಗುವುದು ಆಕೆಯ ಮಾತಿಗೆ ಅಭ್ಯಾಸವಿರಲಿಲ್ಲ, ಅದು ತೊದಲಿತು. "ನಿನ್ನ ಬಟ್ಟೆ, ಅವಳ ಬಟ್ಟೆ, ಎರಡನ್ನೂ ದಿನಾ ಒಗೆದೆ. ಕುದಿಸಿ ಒಗೆದೆ. ನನಗೆ ಗೊತ್ತಾಗ್ಲಿಲ್ಲ. ಅಲ್ಲಿ ಅವಳೂ ನಿನ್ನ ಹಾಗೇ ಮೂಗಿಟ್ಟು ಹುಡುಕ್ತಾ ಇದಾಳೆ. ಇದನ್ನ ಒಗೆದಿಲ್ಲ. ಈಗಷ್ಟೇ ತಲೆಯಡಿಯಿಂದ ತೆಗೆದಿದ್ದು."

ಸೊಸೆ ನಿಧಾನವಾಗಿ ಇತ್ತ ತಿರುಗಿದಳು. ಡಬ್ಬಿಯನ್ನೂ ಅತ್ತೆಯ ಮುಖವನ್ನೂ ಒಂದೊಂದಾಗಿ ದಿಟ್ಟಿಸಿದಳು. ಅಂಗಡಿಯಲ್ಲಿ ಊಹೆ ಮಾಡಿ ಓದುವವರನ್ನು ದಿಟ್ಟಿಸುವ ಹಾಗೆ. ಮುಚ್ಚಳ ತೆಗೆದು ತುಂಡನ್ನು ಮುಖಕ್ಕೆ ಒತ್ತಿಕೊಂಡಳು.

ಹುಳಿಯಾದ ಹಾಲು. ಮುಲಾಮು. ಪ್ಲಾಸ್ಟಿಕ್ಕು. ಅವೆಲ್ಲದರ ಅಡಿಯಲ್ಲಿ, ಅಡಿಗಿಂತಲೂ ಅಡಿಯಲ್ಲಿ, ಹೆಸರಿಲ್ಲದ ಇನ್ನೇನೋ ಒಂದು, ಬೆಚ್ಚಗೆ.

"ಇದೂ ಯಾರ ಮಗುದು ಬೇಕಾದ್ರೂ ಆಗಿರ್ಬಹುದು ಅತ್ತೆ," ಎಂದಳು ಬಟ್ಟೆಯೊಳಗಿನಿಂದಲೇ.

"ಆಗಿರ್ಬಹುದು," ಎಂದು ಗಂಜಿಯಮ್ಮ ಒಪ್ಪಿಕೊಂಡಳು. ಆಣೆ ಇಡಬಹುದಿತ್ತು, ಗದರಬಹುದಿತ್ತು. ಯಾವುದೂ ಬೇಡವೆನಿಸಿತು. "ನಾನು ಏನು ಹೇಳಿದ್ರೂ ಅದು ನಾನು ಹೇಳಿದ ಹಾಗಾಗುತ್ತೆ. ನೀನೇ ನೋಡು."

ಕಿಟಕಿಯಾಚೆ ಯಾರೋ ಗಾಲಿಮಂಚ ತಳ್ಳಿಕೊಂಡು ಹೋದ ಸದ್ದು ದೂರವಾಯಿತು. ಸೊಸೆ ಉಸಿರೆಳೆದುಕೊಳ್ಳುತ್ತಲೇ ಇದ್ದಳು. ಆಗ ಅವಳ ಆಸ್ಪತ್ರೆಯ ಅಂಗಿಯ ಎದೆಯ ಮೇಲೆ ಒಂದು ಒದ್ದೆ ಮೂಡಿತು. ಅದು ಹರಡಿತು. ಪಕ್ಕದಲ್ಲೇ ಇನ್ನೊಂದು. ಮೂರು ಹೊತ್ತಿನಿಂದ ಕಲ್ಲಿನಂತೆ ಬಿಗಿದಿದ್ದ ಎದೆ, ಯಾರೂ ಕೇಳದೆ, ಯಾರ ಅಪ್ಪಣೆಗೂ ಕಾಯದೆ ತಾನಾಗಿ ಹನಿಯತೊಡಗಿತ್ತು.

ಅವಳು ತಲೆ ತಗ್ಗಿಸಿ ಆ ಕಲೆಯನ್ನು ಬೆರಗಿನಿಂದ ನೋಡಿದಳು.

"ನಂಗಿನ್ನೂ ಗೊತ್ತಿಲ್ಲ ಅತ್ತೆ," ಎಂದಳು. "ಆದ್ರೆ ಇದಕ್ಕೆ ಗೊತ್ತಿರೋ ಹಾಗಿದೆ. ಬಾಟ್ಲಿ ಕೊಡಿ."

ಹಾಲು ಹಿಂಡುತ್ತ ಹಿಂಡುತ್ತ ಅಳು ಬಂತು. ಅತ್ತು ಮುಗಿಯುವ ತನಕ ಗಂಜಿಯಮ್ಮ ಬಾಟಲಿಯನ್ನು ಅಲುಗದಂತೆ ಹಿಡಿದಿದ್ದಳು. ಮೂಗೊರೆಸಿಕೊಳ್ಳುತ್ತ ಸೊಸೆ ಕೇಳಿದಳು, "ಅವಳ ಲೆಕ್ಕದಲ್ಲಿ ನಾನು ಇರ್ಲೇ ಇಲ್ಲ ಅಲ್ವಾ, ಇಷ್ಟು ದಿನ?"

"ಹಾಗಲ್ಲ ಕಣೇ…"

"ಅಲ್ಲ ಅತ್ತೆ, ಹಾಗೇ. ಹುಡುಕಿದ್ಲು, ಸಿಗ್ಲಿಲ್ಲ. ಅವಳ ತಪ್ಪಲ್ಲ ಅದು. ಆದ್ರೆ ನಾನು ಇಲ್ಲೇ ಇದ್ದೆ. ಕಣ್ಣು ಮುಚ್ಚಿದ್ರೂ ಅವಳೇ, ಬಿಟ್ರೂ ಅವಳೇ. ಅವಳು ಕುಡಿದಿದ್ದೆಲ್ಲ ನಂದೇ." ಅವಳು ಬಾಟಲಿಯಲ್ಲಿ ತುಂಬಿದ್ದ ಹಾಲನ್ನು ನೋಡಿದಳು. "ಎಷ್ಟು ಸಂಕಟ ಗೊತ್ತಾ ಅತ್ತೆ, ಇದ್ದೂ ಕಾಣಿಸಿಕೊಳ್ಳೋಕೆ ಆಗ್ದೇ ಇರೋದು."

ಕಾಣದಿರುವವನನ್ನು ಅರಸುವ ಸಂಕಟ ಗಂಜಿಯಮ್ಮನಿಗೆ ಗೊತ್ತಿತ್ತು. ಆ ಕಡೆಯಲ್ಲಿಯೂ ಒಂದು ಸಂಕಟವಿದ್ದೀತೆಂದು ಆಕೆಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಉತ್ತರ ಕೊಡದಿದ್ದುದಕ್ಕೆ ದೇವರ ಮೇಲೆ ಮುನಿಸಿಕೊಂಡಿದ್ದಳು, ಎಷ್ಟೋ ಸಲ ಕ್ಷಮಿಸಿಯೂ ಇದ್ದಳು. ಪಾಪ ಎಂದು ಮಾತ್ರ ಒಮ್ಮೆಯೂ ಅನ್ನಿಸಿರಲಿಲ್ಲ. ನಿನ್ನೆಯಿಂದ ಸೊಸೆಯ ಎದೆಯ ಮೇಲಿದ್ದ ಇನ್ನೊಂದು ತುಂಡನ್ನು, ಹಾಲು, ಕಣ್ಣೀರು, ಬೆವರು ಸಮೇತ ಡಬ್ಬಿಗೆ ಹಾಕಿ ಮುಚ್ಚಿದಳು. ಬೆಚ್ಚಗಿನ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ನಾನು ಇದೀನಿ ಅಂತ ಹೇಳಿ ಅವಳಿಗೆ," ಎಂದಳು ಸೊಸೆ.

ದೊಡ್ಡ ನರ್ಸು ಮಾತಿಲ್ಲದೆ ಬಾಗಿಲು ತೆರೆದಳು. ಬಾಟಲಿಯನ್ನು ತಾನು ಪಡೆದು, ತುಂಡನ್ನು ಅಜ್ಜಿಯ ಕೈಯಲ್ಲಿಯೇ ಬಿಟ್ಟಳು. ಪೆಟ್ಟಿಗೆಯ ದುಂಡು ಕಿಂಡಿಯಿಂದ ಕೈ ಇಳಿಸಿ, ಬೆಳಗಿನಿಂದ ಹೊರಳುತ್ತಿದ್ದ ತಲೆಯಡಿಗೆ ಅದನ್ನು ಸರಿಸುವಾಗ ಗಂಜಿಯಮ್ಮನಿಗೆ ಅದರ ಮುದುಡಿದ ಅಂಚನ್ನು ನೇರ ಮಾಡಬೇಕೆಂದು ಬೆರಳು ತುರಿಸಿತು. ತಡೆದುಕೊಂಡಳು.

ಮೂಗು ಅತ್ತ ಹೊರಳಿತು. ಇತ್ತ ಹೊರಳಿತು. ಹಾಲಿನ ಕಲೆಯಿದ್ದ ಕಡೆಗೆ ಬಂದು ನಿಂತಿತು. ಅಲ್ಲಿಂದ ಕದಲಲಿಲ್ಲ. ಬಿಗಿಹಿಡಿದಿದ್ದ ಒಂದು ಮುಷ್ಟಿ ಮೆಲ್ಲಗೆ ಬಿಚ್ಚಿಕೊಂಡು, ಒಂದೊಂದಾಗಿ ಬೆರಳುಗಳು ಕಂಡವು.

"ಇದಾಳೆ ಕಣೇ," ಎಂದು ಗಂಜಿಯಮ್ಮ ಗಾಜಿಗೆ ಬಾಯಿ ತಾಗಿಸಿ ಪಿಸುಗುಟ್ಟಿದಳು. "ಎಲ್ಲೂ ಹೋಗಿಲ್ಲ. ನಡೆಯೋಕೆ ಆಗ್ತಿಲ್ಲ, ಅಷ್ಟೇ. ಬರ್ತಾಳೆ."

ಹೇಳಿದ ಮೇಲೆ ಆಕೆ ಗಾಜಿನಿಂದ ಮುಖ ತೆಗೆಯದೆ ಹಾಗೆಯೇ ನಿಂತಳು. ಆಕೆಯ ಉಸಿರಿಗೆ ಗಾಜು ಮಬ್ಬಾಗಿ, ಮಗು ಕಾಣದಾಯಿತು. ಒರೆಸಲು ಹೋಗಲಿಲ್ಲ. ಒಳಗಿಳಿಸಿದ ಕೈಯ ಅಡಿಯಲ್ಲಿ ಆ ಪುಟ್ಟ ಬೆನ್ನು ಏರುತ್ತಿತ್ತು, ಇಳಿಯುತ್ತಿತ್ತು.